ಹನ್ನೊಂದು ದಿನ ನಿಂತೇ ಇದ್ದವಳಿಗೆ

ಅಮರಮ್ಮ, ನಿನ್ನ ಮಗಳು ಏಳು ತಿಂಗಳಿಗೇ ಹುಟ್ಟಿದ್ದು ನಿನ್ನ ಬೀಡಿಯಿಂದ ಎಂದು ಎಲ್ಲರೂ ನಂಬುವಂತೆ ಮಾಡಿದವಳು ನಾನು. ಆಸ್ಪತ್ರೆಯಲ್ಲಿ ಆ ಮಾತು ನನ್ನ ಬಾಯಿಂದ ಬಂತು. ಬರುವಾಗಲೇ ನನಗೆ ಗೊತ್ತಿತ್ತು — ನಾನು ಅರ್ಧ ಮಾತ್ರ ಹೇಳುತ್ತಿದ್ದೇನೆ, ಬಚ್ಚಿಟ್ಟುಕೊಂಡ ಇನ್ನರ್ಧ ನನ್ನದು ಎಂದು. ಎರಡು ವರ್ಷ ಅದನ್ನು ನಾನು ಯಾರಿಗೂ ತೋರಿಸಲಿಲ್ಲ. ಹೇಳಿದ ಅರ್ಧವನ್ನು ನೀನು ಹೊತ್ತುಕೊಂಡು ಊರೂರು ತಿರುಗಿದೆ. ನನ್ನ ಜೀಪಿನಲ್ಲೇ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ಇದನ್ನು ನಿನ್ನ ಮುಂದೆ ಓದುವಾಗ ಬೇರೆಯವರೂ ಇರಬೇಕು ಎಂಬುದು ನನ್ನ ಆಸೆ. ಅವರಿಗೆ ಎಲ್ಲವೂ ತಿಳಿಯಬೇಕು.

ನಾನು ಲಿಂಗಸುಗೂರಿನವಳು. ಅಪ್ಪ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸ ಮಾಡಿ ನಮ್ಮನ್ನು ಓದಿಸಿದ. ಹೊಲದ ಕೆಲಸ ನಮ್ಮ ಮನೆಯಿಂದ ಅಜ್ಜಿಯ ಕಾಲಕ್ಕೇ ಹೋಗಿತ್ತು. ಹಾಗಾಗಿ ಬಿಸಿಲಲ್ಲಿ ದಿನವಿಡೀ ಬಗ್ಗುವುದು ಏನು ಎಂದು ನಾನು ಪುಸ್ತಕದಲ್ಲಿ ಓದಿದ್ದೆ, ಮೈಯಲ್ಲಿ ತಿಳಿದಿರಲಿಲ್ಲ. ಸಮಾಜಕಾರ್ಯ ಓದಿ ಜಿಲ್ಲೆಯ ಆರೋಗ್ಯ ಇಲಾಖೆಯ ಈ ಕೆಲಸಕ್ಕೆ ಸೇರಿದೆ. ಬಸುರಿ ಹೆಣ್ಣುಮಕ್ಕಳು ಬೀಡಿ, ತಂಬಾಕು ಬಿಡುವುದಕ್ಕೆ ನೆರವಾಗುವ ಒಂದು ಸೇವೆ — ಅದನ್ನು ಯಾವುದಾದರೂ ಸಂಸ್ಥೆಗೆ ವಹಿಸಿಕೊಡಬೇಕು ಎಂದು ಮೇಲಿನವರ ಯೋಚನೆ. ಮೊದಲು ಮಸ್ಕಿ ತಾಲ್ಲೂಕಿನ ನಾಲ್ಕಾರು ಊರುಗಳಲ್ಲಿ ಮಾಡಿ ನೋಡುವುದು. ಸರಿಹೋದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರಕ್ಕೂ ಹರಡುವುದು. ಮಾಡಿ ನೋಡುವ ಹೊಣೆ ನನ್ನದು. ಸರಿಹೋಯಿತೋ ಇಲ್ಲವೋ ಎಂದು ಬರೆಯುವ ಹೊಣೆಯೂ ನನ್ನದೇ.

ಪಾಮನಕಲ್ಲೂರಿನ ಅಂಗನವಾಡಿಯಲ್ಲಿ ನಿನ್ನನ್ನು ಮೊದಲು ಕಂಡೆ. ಹತ್ತು ಹನ್ನೆರಡು ಜನ ಸೇರಿದ್ದಿರಿ. ಬೀಡಿಯ ಮಾತೆತ್ತಿದರೆ ಎಲ್ಲರೂ ಸೆರಗು ಬಾಯಿಗೆ ಹಿಡಿದು ನಕ್ಕರು. ನಿನ್ನ ಅತ್ತೆ ಹನುಮವ್ವ, ಬೀಡಿ ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೂತಿದ್ದವಳು, ನಮ್ಮ ಊರಿನ ಹೆಣ್ಣುಮಕ್ಕಳು ಅಂಥವರಲ್ಲ ಎಂದು ನನ್ನ ಮುಖಕ್ಕೇ ಹೇಳಿದಳು. ನಾನು ಉಸಿರಿನ ಯಂತ್ರ ಹೊರತೆಗೆದೆ. ಅಂಗೈಯಗಲದ್ದು, ಊದಿದರೆ ಒಳಗೆ ಹೊಗೆ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ಯಾರೂ ಮುಂದೆ ಬರಲಿಲ್ಲ. ನೀನು ಎದ್ದು ಬಂದೆ — ಐದು ತಿಂಗಳ ಹೊಟ್ಟೆ, ಕೆಂಪು ಕುಪ್ಪಸ, ಒಂದು ಕೈ ಸೊಂಟದ ಮೇಲೆ. ಊದಿದೆ. ಅಂಕಿ ಏರಿತು. ನೀನು ಬಗ್ಗಿ ನೋಡಿ, ತಡಮಾಡದೆ ಹೇಳಿದೆ:

"ಮುಂಜಾನಿ ಒಲಿ ಊದಿ ಬಂದೀನ್ರಿ. ಅದ ಇರಬೇಕು ನೋಡ್ರಿ."

ಅಂಗನವಾಡಿಗೆ ಅಂಗನವಾಡಿಯೇ ನಕ್ಕಿತು. ಹನುಮವ್ವನೂ ನಕ್ಕಳು. ನಾನೂ ನಕ್ಕೆ. ಆ ದಿನ ನಿನ್ನನ್ನು ನಾನು ಇಷ್ಟಪಟ್ಟೆ, ಅಮರಮ್ಮ. ಇದನ್ನೂ ಹೇಳಿಬಿಡಬೇಕು — ನಿನಗೆ ಅನ್ಯಾಯ ಮಾಡಿದವಳಿಗೆ ನಿನ್ನ ಮೇಲೆ ದ್ವೇಷವೇನೂ ಇರಲಿಲ್ಲ.

ವಾರದ ಮೇಲೆ ನಿಮ್ಮ ಮನೆಗೆ ಬಂದೆ. ಹಿತ್ತಿಲಲ್ಲಿ ನೀನು ಒಬ್ಬಳೇ ಪಾತ್ರೆ ತಿಕ್ಕುತ್ತಿದ್ದೆ. ಆಗ ನಿಜ ಹೇಳಿದೆ. ಮನೆಯಲ್ಲಿ ಒಂದೂ ಸೇದುವುದಿಲ್ಲ, ಗದ್ದೆಯಲ್ಲಿ ಮಾತ್ರ, ದಿನಕ್ಕೆ ಮೂರೋ ನಾಲ್ಕೋ. ಮದುವೆಯಾಗಿ ಬಂದ ಮೊದಲನೇ ನಾಟಿಯಲ್ಲಿ ಕಲಿತದ್ದು. ನಾನು ಹೊಟ್ಟೆಯೊಳಗಿನ ಮಗುವಿಗೆ ಏನಾಗುತ್ತದೆ ಎಂದು ಚಿತ್ರ ತೋರಿಸಿ ಹೇಳಿದೆ. ನೀನು ಕಣ್ಣು ತುಂಬಿಕೊಂಡು ಕೇಳಿದೆ. ಬಿಡುತ್ತೇನೆ ಎಂದೆ. ಆಮೇಲೆ ಬೂದಿ ಹತ್ತಿದ ಕೈ ಹಾಗೇ ಹಿಡಿದುಕೊಂಡು, ನನ್ನ ಕೆಲಸವನ್ನೆಲ್ಲ ಬದಲಾಯಿಸಬೇಕಿದ್ದ ಒಂದು ಪ್ರಶ್ನೆ ಕೇಳಿದೆ.

"ಬೀಡಿ ಬಿಟ್ರ ನಾ ಯಾವ ನೆವದಾಗ ಕುಂದ್ರಲಿ, ಅಕ್ಕಾರ?"

ನನಗೆ ಅರ್ಥವಾಗಲಿಲ್ಲ ಎಂದು ನೀನೇ ಬಿಡಿಸಿ ಹೇಳಿದೆ. ಪಾಮನಕಲ್ಲೂರಿನಿಂದ ನೀವು ಹದಿನಾಲ್ಕು ಜನ ಒಂದೇ ಟಂಟಂ ಆಟೋದಲ್ಲಿ ಸಿಂಧನೂರು ಕಡೆಯ ಕಾಲುವೆ ಗದ್ದೆಗಳಿಗೆ ನಾಟಿಗೆ ಹೋಗುತ್ತೀರಿ. ಎಕರೆ ಲೆಕ್ಕದ ಗುತ್ತಿಗೆ. ಎಷ್ಟು ಬೇಗ ಮುಗಿದರೆ ಅಷ್ಟು ಬೇಗ ಮುಂದಿನ ಗದ್ದೆ, ಬಂದದ್ದು ಎಲ್ಲರಿಗೂ ಸಮ. ಮೇಲೆ ಮೇಸ್ತ್ರಿ ಇಲ್ಲ, ಬೈಯುವ ಸಾಹುಕಾರನಿಲ್ಲ. ಒಬ್ಬಳು ಕೂತರೆ ಅವಳ ಸಾಲನ್ನು ಪಕ್ಕದವಳು ನೆಡಬೇಕು. ಅದಕ್ಕೇ ಯಾರೂ ಸುಮ್ಮನೆ ಕೂರುವುದಿಲ್ಲ. ಆದರೆ ಬೀಡಿ ಹಚ್ಚಿದವಳು ಅದು ಆರುವ ತನಕ ಒಡ್ಡಿನ ಮೇಲೆ ಕೂರಬಹುದು. ಇದು ಯಾರೋ ಮಾಡಿದ ಕಟ್ಟಳೆಯಲ್ಲ. ಹಿಂದಿನಿಂದ ಹಾಗೇ ನಡೆದು ಬಂದದ್ದು. ಹನುಮವ್ವ ಸೇದುವಾಗ ನೀನು ಅವಳಿಗೆ ಬೆನ್ನು ತಿರುಗಿಸಿ ಒಡ್ಡಿನ ಆಚೆ ಕೂರುತ್ತಿದ್ದೆ. ಅತ್ತೆ ಕಂಡೂ ಕಾಣದ ಹಾಗೆ, ಸೊಸೆ ಸೇದಿಯೂ ಸೇದದ ಹಾಗೆ.

"ಸುಮ್ನ ಕುಂತ್ರ ಕುಂತಾಳ ಅಂತಾರ್ರಿ. ಬೀಡಿ ಹಚ್ಚಿ ಕುಂತ್ರ ಯಾರೂ ಏನೂ ಅನ್ನಂಗಿಲ್ಲ."

ನೀನು ಇಷ್ಟು ಸ್ಪಷ್ಟವಾಗಿ ಹೇಳಿದ್ದೆ, ಅಮರಮ್ಮ. ನಾನು ಏನು ಮಾಡಿದೆ? ನನ್ನ ಹಾಳೆಯಲ್ಲಿ ಒಂದು ಕಲಂ ಇತ್ತು — 'ಬಿಡದಿರಲು ಹೇಳುವ ನೆಪಗಳು'. ನಿನ್ನ ಮಾತನ್ನು ಅದರಲ್ಲಿ ಬರೆದುಕೊಂಡೆ. ತರಬೇತಿಯಲ್ಲಿ ನಮಗೆ ಹೇಳಿದ್ದರು, ಚಟ ಇದ್ದವರು ನೂರು ನೆಪ ಹುಡುಕುತ್ತಾರೆ ಎಂದು. ಒಳ್ಳೆಯ ವಿದ್ಯಾರ್ಥಿನಿ ನಾನು. ಸೋಂಪು ಅಗಿಯಬೇಕು, ನೀರು ಗುಟುಕರಿಸಬೇಕು, ಆಸೆಯಾದಾಗ ನೂರರ ತನಕ ಎಣಿಸಬೇಕು ಎಂದು ಹೇಳಿ ಎದ್ದು ಬಂದೆ.

ನೀನು ಬಿಟ್ಟೆ. ಅದೂ ಎಂಥ ಬಿಡುವುದು — ನಾಲ್ಕನೇ ದಿನಕ್ಕೆ ಯಂತ್ರದ ಅಂಕಿ ಒಲೆಯ ಹೊಗೆಯಷ್ಟಕ್ಕೆ ಇಳಿಯಿತು. ನನಗಿಂತ ಹೆಚ್ಚು ಖುಷಿ ನಿನಗೆ. ಯಂತ್ರವನ್ನು ಕಿವಿಯ ಹತ್ತಿರ ಹಿಡಿದು, ಕೂಸು ಏನಾದರೂ ಹೇಳುತ್ತದೇನೋ ಎಂದು ಕೇಳಿದವಳು ನೀನು.

ಇನ್ನು ಮುಂದಿನದು ನಾನು ಯಾರಿಗೂ ಹೇಳದೆ ಇಟ್ಟದ್ದು.

ನಾಟಿ ಜೋರಾಗಿದ್ದ ಒಂದು ದಿನ ಕಾಲುವೆ ಪಕ್ಕದ ಒಂದು ಗದ್ದೆಗೆ ಬಂದೆ, ನಿಮ್ಮ ತಂಡವನ್ನು ನೋಡಲು. ನೀನು ಒಡ್ಡಿನ ಮೇಲೆ ಕೂತಿದ್ದೆ. ಕೈಯಲ್ಲಿ ಹೊತ್ತಿದ ಬೀಡಿ. ಹತ್ತಿರ ಬಂದು ನೋಡಿದರೆ ಬೂದಿ ಉದ್ದಕ್ಕೆ ಬೆಳೆದು ಬಾಗಿತ್ತು. ನೀನು ಅದನ್ನು ಬಾಯಿಗೆ ಇಟ್ಟಿರಲೇ ಇಲ್ಲ. ಕೈ ಚಾಚಿ, ಹೊಟ್ಟೆಯಿಂದ ಆದಷ್ಟು ದೂರಕ್ಕೆ, ಗಾಳಿ ಹೋಗುವ ದಿಕ್ಕಿಗೆ ಹಿಡಿದಿದ್ದೆ.

"ಸೇದಾಕತ್ತಿಲ್ಲರಿ ಅಕ್ಕಾರ, ಆಣಿ ಮಾಡಿ ಹೇಳ್ತೀನಿ. ಹಚ್ಚಿ ಹಿಡ್ಕೊಂಡೀನಿ ಅಷ್ಟ. ಆರೂತನ ಕುಂದರ್ತೀನಿ."

ನಿನ್ನ ಬುದ್ಧಿಗೆ ಈಗ ಕೈ ಮುಗಿಯುತ್ತೇನೆ. ನಾವು ಅಷ್ಟೊಂದು ಜನ ಓದಿದವರು ಸಭೆ ಮಾಡಿ ಕಂಡುಕೊಳ್ಳಲಾಗದ ದಾರಿಯನ್ನು ನೀನು ಒಬ್ಬಳೇ ಕಂಡುಕೊಂಡಿದ್ದೆ — ಮಗುವಿಗೆ ಹೊಗೆಯೂ ಬೇಡ, ಸೊಂಟಕ್ಕೆ ಒಂದಿಷ್ಟು ಬಿಡುವೂ ಸಿಗಲಿ. ಆದರೆ ಆ ದಿನ ನಾನು ನೋಡಿದ್ದು ಬೀಡಿಯನ್ನು. ನಮ್ಮ ನಿಯಮದಲ್ಲಿ ನಾಲ್ಕು ವಾರ ಒಂದೂ ಬೀಡಿ ಹಚ್ಚದವಳು ಮಾತ್ರ 'ಬಿಟ್ಟವಳು'. ನಿನ್ನನ್ನು ನಾನು ಆಗಲೇ ಮನಸ್ಸಿನಲ್ಲಿ ಬಿಟ್ಟವರ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ಪಟ್ಟಿಯಲ್ಲಿ ಹೆಚ್ಚು ಹೆಸರು ಇರಲಿಲ್ಲ.

"ಹಚ್ಚಿದ್ರ ಬಿಟ್ಟಂಗಲ್ಲ ಅಮರಮ್ಮ," ಎಂದೆ. "ಕೈಯಾಗ ಹಿಡಿದ್ರೂ ಹೊಗಿ ಕೂಸಿಗೆ ಹೋಗತೈತಿ. ನೀ ತಾಯಿ ಆಗಾಕಿ ಹೌದೋ ಅಲ್ಲೋ?"

ಈ ಕೊನೆಯ ಮಾತು. ಇದನ್ನು ನಾನು ಬೇಕೆಂದೇ ಆಡಿದೆ. ಇದಕ್ಕೆ ನಿನ್ನ ಹತ್ತಿರ ಉತ್ತರವಿಲ್ಲ ಎಂದು ಗೊತ್ತಿದ್ದೇ ಆಡಿದೆ.

ನೀನು ಬೀಡಿಯನ್ನು ಕೆಸರಿಗೆ ಒತ್ತಿದೆ. ಸೊಂಟದಿಂದ ಕಡ್ಡಿಪೆಟ್ಟಿಗೆ ತೆಗೆದು ನನ್ನ ಕೈಗೆ ಕೊಟ್ಟೆ. ಮತ್ತೆ ಮನಸ್ಸು ಬದಲಾಗಬಾರದು, ನೀವೇ ಇಟ್ಟುಕೊಳ್ಳಿ ಎಂದೆ. ಎದ್ದೆ — ಏಳುವಾಗ ಮೊಣಕಾಲಿಗೆ ಕೈ ಊರಿ, ಒಂದು ಸಲ ಕಣ್ಣು ಮುಚ್ಚಿ — ನೀರಿಗೆ ಇಳಿದು ಸಾಲಿಗೆ ಸೇರಿದೆ. ನಿನ್ನ ಪಾಲಿನ ಜಾಗ ಅಲ್ಲಿ ಖಾಲಿ ಇತ್ತು.

ಆ ಕಡ್ಡಿಪೆಟ್ಟಿಗೆ ನನ್ನ ಮೇಜಿನ ಖಾನೆಯಲ್ಲಿದೆ. ಈಗಲೂ.

ಅಲ್ಲಿಂದ ಹನ್ನೊಂದು ದಿನ ನೀನು ಕೂರಲಿಲ್ಲ. ಬುತ್ತಿ ಉಣ್ಣುವ ಹೊತ್ತು ಬಿಟ್ಟರೆ ಬೆಳಗಿನಿಂದ ಸಂಜೆಯ ತನಕ ಬಗ್ಗಿದವಳು ಬಗ್ಗಿದ ಹಾಗೇ. ಇದು ನನಗೆ ಆಮೇಲೆ ತಿಳಿದದ್ದಲ್ಲ. ನಡುವೆ ಒಂದು ಸಲ ಟಂಟಂ ನಿಲ್ಲುವ ಕಡೆ ಸಿಕ್ಕಾಗ ಕಾಲು ಬಾತಿದೆ ಎಂದು ನೀನೇ ತೋರಿಸಿದ್ದೆ. ಬಸುರಿಯರಿಗೆ ಅಷ್ಟು ಇರುತ್ತದೆ, ಆಸ್ಪತ್ರೆಗೆ ತೋರಿಸು ಎಂದು ಹೇಳಿ ಮುಂದೆ ಹೋದೆ. ನಾಟಿ ಬಿಟ್ಟು ನೀನು ಯಾವಾಗ ತೋರಿಸಬೇಕು ಎಂದು ನಾನು ಕೇಳಿಕೊಳ್ಳಲಿಲ್ಲ.

ಹನ್ನೊಂದನೆಯ ದಿನ ನಾನು ಗದ್ದೆಗೆ ಬಂದದ್ದು ನಿನಗಾಗಿ ಅಲ್ಲ. ವರದಿಗೆ ಒಂದು ಫೋಟೋ ಬೇಕಿತ್ತು. ಬೀಡಿ ಬಿಟ್ಟ ಬಸುರಿ, ಹಸಿರಿನ ನಡುವೆ, ನಗುತ್ತ.

ಆ ಹೊತ್ತನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ. ಸಿಂಧನೂರಿನ ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನಾಟಿ ಗದ್ದೆ ಬಂದರೆ ಸಾಕು, ಬೆನ್ನುಗಳನ್ನು ಎಣಿಸುತ್ತೇನೆ. ಒಂದು, ಎರಡು, ಮೂರು... ಎಣಿಕೆ ಮುಗಿಯುವ ಮೊದಲೇ ಬಸ್ಸು ಮುಂದೆ ಹೋದರೆ ಎದ್ದು ಹಿಂದಿನ ಕಿಟಕಿಗೆ ಹೋಗುತ್ತೇನೆ. ಪಕ್ಕದವರು ಮೈ ಸರಿ ಇಲ್ಲವೇ ಎಂದು ಕೇಳುತ್ತಾರೆ.

ಒಡ್ಡಿನ ಮೇಲೆ ನಿಂತು ಕರೆದೆ. ನೀನು ನೆಟ್ಟಗಾಗಿ ನಕ್ಕೆ. ತುಟಿ ಒಣಗಿ ಬಿರಿದಿತ್ತು. ಒಂದು ತೆಗೆದೆ. ಬಿಸಿಲು ಎದುರಿಗಿತ್ತು, ಮುಖ ಕಪ್ಪಾಗಿ ಬಂತು. "ಅಮರಮ್ಮ, ಇನ್ನೊಂದು. ಈ ಕಡೆ ಹೊಳ್ಳು ಸ್ವಲ್ಪ." ನೀನು ತಿರುಗಿದೆ. ತಿರುಗುವಾಗ ಕೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋದಂತಾಯಿತು. ಸಸಿ ಕಟ್ಟಿಗೆ ಕೈ ಹಾಕುತ್ತಿದ್ದಾಳೆ ಎಂದುಕೊಂಡೆ. ತೆಗೆದೆ. ನೀನು ಮತ್ತೆ ಬಗ್ಗಿದೆ ಎಂದುಕೊಂಡೆ. ಇಡೀ ಸಾಲು ಬಗ್ಗಿರುವಾಗ ಬಗ್ಗಿದವಳು ಯಾರು, ಬಿದ್ದವಳು ಯಾರು — ಒಡ್ಡಿನ ಮೇಲಿಂದ ತಿಳಿಯಲಿಲ್ಲ. ಇಡೀ ಸಾಲು ಬರಲಿ ಎಂದು ಇನ್ನೊಂದು ತೆಗೆದೆ. ಆಮೇಲೆ ತಲೆ ತಗ್ಗಿಸಿ, ಫೋನಿನ ಮೇಲೆ ಕೈ ಮರೆ ಮಾಡಿಕೊಂಡು, ಯಾವುದು ಚೆನ್ನಾಗಿ ಬಂದಿದೆ ಎಂದು ನೋಡುತ್ತ ನಿಂತೆ.

"ಏ ಅಮರೀ —"

ಹನುಮವ್ವನ ದನಿ. ತಲೆ ಎತ್ತಿದೆ. ನೀರಿನ ಮೇಲೆ ನಿನ್ನ ಕೆಂಪು ಕುಪ್ಪಸದ ಬೆನ್ನು, ಸಸಿಗಳ ನಡುವೆ, ಅಲುಗದೆ. ಮುಖ ಕೆಳಗೆ. ಕಣಕಾಲು ಮುಳುಗುವಷ್ಟೇ ನೀರು ಅಮರಮ್ಮ, ಆದರೆ ಮುಖ ಕೆಳಗಿದ್ದರೆ ಅಷ್ಟೇ ಸಾಕು.

ಆಗ ನಾನು ಏನು ಮಾಡಿದೆ ಗೊತ್ತೇ. ಬಗ್ಗಿ ನನ್ನ ಚಪ್ಪಲಿಯ ಪಟ್ಟಿ ಬಿಚ್ಚಿದೆ. ಎರಡೂ ಕಾಲಿನದು. ಕೆಸರಿಗೆ ಇಳಿಯಬೇಕಲ್ಲ. ಆ ಹೊತ್ತಿಗೆ ಹನುಮವ್ವ, ಅರವತ್ತರ ಹತ್ತಿರದವಳು, ಏಳು ಸಾಲು ದಾಟಿ ಬಂದು ನಿನ್ನನ್ನು ಹೊರಳಿಸಿ, ಬೆರಳು ಹಾಕಿ ಮೂಗಿನ ಕೆಸರು ತೆಗೆದು, ಬಾಯಿಗೆ ಬಾಯಿ ಹಚ್ಚಿ ಹೀರಿ ಉಗುಳಿದ್ದಳು. ನೀನು ಕೆಮ್ಮಿದೆ. ಆ ಕೆಮ್ಮು ಕೇಳಿದ ಮೇಲೆ ನಾನು ಗದ್ದೆಗೆ ಇಳಿದೆ.

ಟಂಟಂನಲ್ಲಿ ಸಿಂಧನೂರಿಗೆ ಹೋದೆವು. ನಿನ್ನ ತಲೆ ಹನುಮವ್ವನ ತೊಡೆಯ ಮೇಲೆ, ಪಾದ ನನ್ನ ಮಡಿಲಲ್ಲಿ. ಪಾದ ಬಿಳುಚಿ, ನೀರಿನಲ್ಲಿ ನೆಂದು ಸುಕ್ಕುಗಟ್ಟಿ, ಬಾತಿತ್ತು. ನನ್ನ ಬೆರಳು ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು. ದಾರಿಯಲ್ಲೇ ನೋವು ಶುರುವಾಯಿತು. ರಕ್ತ ಕಂಡಿತು. ಪ್ರತಿ ತಗ್ಗಿಗೂ ಹನುಮವ್ವ ಡ್ರೈವರನಿಗೆ ನಿಧಾನ ಅನ್ನುವಳು, ಮರುಕ್ಷಣವೇ ಜಲ್ದಿ ಅನ್ನುವಳು. ನೀನು ಒಂದೇ ಮಾತು ಕೇಳಿದೆ, ಕೂಸು ಹೋಯಿತೇ ಎಂದು. ಇಲ್ಲ ಎಂದೆ. ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತ ಗಡಿಬಿಡಿಯಲ್ಲಿ ಕೇಳಿದರು. ಏನಾಯಿತು, ಬಿದ್ದಳೇ, ಕೆಲಸ ಎಷ್ಟು, ಬೇರೆ ತೊಂದರೆ ಏನಾದರೂ ಇತ್ತೇ. ಎಲ್ಲರೂ ನನ್ನ ಕಡೆ ನೋಡಿದರು, ಓದಿದವಳು ನಾನೊಬ್ಬಳೇ. ಬಾಗಿಲ ಹತ್ತಿರ ಹನುಮವ್ವ ನಿಂತಿದ್ದಳು. ನೀನು ಮಂಚದ ಮೇಲೆ, ಕಣ್ಣು ತೆರೆದುಕೊಂಡೇ ಇದ್ದೆ.

ಹೇಳಬೇಕಾದದ್ದು ಇಷ್ಟೇ ಇತ್ತು — ಹನ್ನೊಂದು ದಿನದಿಂದ ಕೂತಿಲ್ಲ, ಕೂರುವುದನ್ನು ನಾನು ತಪ್ಪಿಸಿದೆ.

"ಬೀಡಿ ಸೇದ್ತಿದ್ಲು, ಡಾಕ್ಟ್ರೇ," ಎಂದೆ.

ಡಾಕ್ಟರಮ್ಮ ಅದನ್ನೇ ಬರೆದುಕೊಂಡರು. ಅವರ ತಪ್ಪಿಲ್ಲ, ನಾನು ಹೇಳಿದ್ದೇ ಅದು. ಬೀಡಿ ಬಸುರಿಗೆ ಒಳ್ಳೆಯದಲ್ಲ ಎಂಬುದೂ ಸುಳ್ಳಲ್ಲ. ಈಗಲೂ ಅದನ್ನೇ ಹೇಳುತ್ತೇನೆ. ಅದಕ್ಕೇ ನನ್ನ ಸುಳ್ಳು ಅಷ್ಟು ಗಟ್ಟಿಯಾಗಿ ನಿಂತಿತು — ಅದರೊಳಗೆ ಒಂದು ನಿಜವಿತ್ತು. ನೀನು ಮಂಚದ ಮೇಲಿಂದಲೇ, ಉಸಿರು ಸಾಲದೆ, ಹೌದ್ರಿ, ನಂದ ತಪ್ಪು ಎಂದೆ. ಹನುಮವ್ವ ಬಾಗಿಲಿಗೆ ಹಣೆ ಹಚ್ಚಿದಳು.

ಸಂಜೆಯ ಹೊತ್ತಿಗೆ ಮಗಳು ಹುಟ್ಟಿದಳು. ಒಂದು ಬೊಗಸೆಯಷ್ಟು. ಅಳುವುದಕ್ಕೂ ಶಕ್ತಿ ಇರಲಿಲ್ಲ. ಬಾಯಿ ತೆರೆದರೆ ದನಿ ಬರುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಳಿಯುತ್ತದೆ ಎಂದು ಯಾರೂ ಮಾತು ಕೊಡಲಿಲ್ಲ.

ಉಳಿಸಿಕೊಂಡವಳು ನೀನು. ಪೆಟ್ಟಿಗೆಯಿಂದ ತೆಗೆದ ಮೇಲೆ ನರ್ಸಮ್ಮ ನಿನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಬರಿ ಎದೆಗೆ ಮಗುವನ್ನು ಕಟ್ಟಿ, ಅಲುಗಾಡದೆ ಹೀಗೇ ಇರಬೇಕು, ಎಷ್ಟು ಹೊತ್ತಾದರೆ ಅಷ್ಟು ಒಳ್ಳೆಯದು ಎಂದರು. ತಾಯಿಯ ಮೈ ಕಾವೇ ಔಷಧಿ. ನಾನು ದಿನಾ ಬರುತ್ತಿದ್ದೆ. ಬಂದಾಗಲೆಲ್ಲ ನೀನು ಹಾಗೇ, ಗಲ್ಲದ ಕೆಳಗೆ ಒಂದು ಪುಟ್ಟ ಟೊಪ್ಪಿಗೆ. ಒಂದು ದಿನ ನನ್ನನ್ನು ಕಂಡು ನಕ್ಕು ಹೇಳಿದೆ:

"ನೋಡ್ರಿ ಅಕ್ಕಾರ, ಈಗ ದಿನಾ ಪೂರಾ ಕುಂದರ್ತೀನಿ. ಬೀಡಿನೂ ಬೇಕಾಗಿಲ್ಲ."

ತಮಾಷೆಗೆ ಹೇಳಿದೆ. ನಾನು ನೀರು ತರುತ್ತೇನೆ ಎಂದು ಹೊರಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತೆ. ಆಗ ಹೇಳಬಹುದಿತ್ತು. ಒಳಗೆ ನೀನು, ಮಗು, ಹನುಮವ್ವ, ನರ್ಸಮ್ಮ ಎಲ್ಲರೂ ಇದ್ದರು. ಬಾಟಲಿ ತುಂಬಿಸಿಕೊಂಡು ಒಳಗೆ ಬಂದೆ.

ಹನುಮವ್ವ ನಿನಗೆ ಬೈಯಲಿಲ್ಲ, ಅದು ಇನ್ನೂ ಕಷ್ಟ. ನಿನ್ನ ಜೊತೆ ಮಾತು ಕಡಿಮೆ ಮಾಡಿದಳು. ಒಂದು ಸಲ ಮಾತ್ರ ಮಗುವಿನ ಕಾಲನ್ನು ಎರಡು ಬೆರಳಲ್ಲಿ ಹಿಡಿದು, ಹೊಗೆ ಕುಡಿದು ಬೆಳೆದ ಕೂಸು ಮತ್ತೆಷ್ಟು ದಪ್ಪ ಇರುತ್ತದೆ ಎಂದಳಂತೆ. ಆ ದಿನವೇ ತಾನೂ ಬೀಡಿ ಬಿಟ್ಟಳು. ನನ್ನ ವರದಿಗೆ ಇನ್ನೊಂದು ಹೆಸರು ಸಿಕ್ಕಿತು. ಆ ವಯಸ್ಸಿನಲ್ಲಿ ಈಗ ಅವಳೂ ಒಡ್ಡಿನ ಮೇಲೆ ಕೂರುವುದಿಲ್ಲ — ಇದನ್ನು ವರದಿಯಲ್ಲಿ ಬರೆಯಲಿಲ್ಲ.

ಮನೆಗೆ ಹೋದ ಮೇಲೆ ಮಗಳಿಗೆ ಹುಲಿಗೆಮ್ಮ ಎಂದು ಹೆಸರಿಡಬೇಕೆಂದು ಹನುಮವ್ವನ ಇಷ್ಟವಿತ್ತು. ನೀನು ಒಪ್ಪಲಿಲ್ಲ. ತೊಟ್ಟಿಲಿನ ದಿನ ನನ್ನನ್ನು ಕರೆಸಿ, ಮಗುವನ್ನು ಮಡಿಲಿಗೆ ಹಾಕಿ, "ನಿಮ್ಮ ಹೆಸರ ಇಟ್ಟೀವ್ರಿ," ಎಂದೆ. ಸುಜಾತಾ. ನನ್ನ ಅಪ್ಪ ಅಮ್ಮ ಬುದ್ಧನನ್ನು ನೆನೆದು ಇಟ್ಟ ಹೆಸರು ಅದು. ಹಸಿದವನಿಗೆ ಪಾಯಸ ಕೊಟ್ಟವಳ ಹೆಸರು. ಅದನ್ನು ನೀನು ನಿನ್ನ ಮಗಳಿಗೆ ಇಟ್ಟೆ — ಜೀವ ಉಳಿಸಿದರು ಎಂದು. ನಾನು ಬೇಡ ಎನ್ನಲಿಲ್ಲ.

ವರದಿ ಬರೆದೆ. ಅದರ ಮುಖಪುಟದಲ್ಲಿ ನೀನಿದ್ದೀಯ: ಮೊದಲನೆಯ ಫೋಟೋ, ಮುಖ ಸ್ವಲ್ಪ ಕಪ್ಪಾಗಿದ್ದರೂ ನಗು ಇದೆ. ಒಳಗೆ ನಿನ್ನ ಕತೆ — ಬೀಡಿ ಬಿಟ್ಟಳು, ಆದರೂ ಹಿಂದೆ ಸೇದಿದ್ದರ ಫಲವಾಗಿ ಮಗು ಬೇಗ ಹುಟ್ಟಿತು, ಸೇವೆ ಇನ್ನೂ ಬೇಗ ಸಿಕ್ಕಿದ್ದರೆ ಹೀಗಾಗುತ್ತಿರಲಿಲ್ಲ. ಓದಿದವರೆಲ್ಲ ಮೆಚ್ಚಿದರು. ಆಮೇಲೆ ಸಭೆಗಳಿಗೆ ನಿನ್ನನ್ನೇ ಕರೆದುಕೊಂಡು ಹೋಗತೊಡಗಿದೆ. ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನೀನು ಎದ್ದು ನಿಲ್ಲುವೆ. ನನ್ನ ಬೀಡಿನೇ ನನ್ನ ಮಗಳನ್ನು ಇಷ್ಟು ಸಣ್ಣದು ಮಾಡಿತು, ನೀವು ಹಾಗೆ ಮಾಡಬೇಡಿ ಎನ್ನುವೆ. ಪ್ರತಿ ಸಲ ಆ ಮಾತು ಬಂದಾಗ ಕೈ ತಾನಾಗಿ ಮಗುವಿನ ಕಿವಿ ಮುಚ್ಚುತ್ತದೆ. ನಾನು ಹಿಂದೆ ನಿಂತು ನೋಡಿದ್ದೇನೆ.

ಇನ್ನೂ ಎಷ್ಟೋ ದಿನ ಹೀಗೇ ನಡೆದು ಹೋಗುತ್ತಿತ್ತೇನೋ. ಆದರೆ ಹೋದ ವಾರ ಲಿಂಗಸುಗೂರಿನ ಸಭೆಯಲ್ಲಿ, ಹಿಂದಿನ ಸಾಲಿನಿಂದ ಒಬ್ಬಳು ಬಸುರಿ ಹುಡುಗಿ ಎದ್ದಳು. ಹತ್ತಿ ಬಿಡಿಸುವ ತಂಡದವಳು. ಹೆಸರು ಕೇಳಲೂ ಇಲ್ಲ ನಾನು. ಅವಳು ನನ್ನನ್ನು ಕೇಳಲಿಲ್ಲ, ನಿನ್ನನ್ನು ಕೇಳಿದಳು.

"ಅಕ್ಕಾ, ನೀ ಬೀಡಿ ಬಿಟ್ಟಮ್ಯಾಲ ಹೊಲದಾಗ ಹೆಂಗ ಕುಂದರ್ತಿದ್ದಿ?"

ನೀನು ನನ್ನ ಕಡೆ ತಿರುಗಿದೆ. ಅಪ್ಪಣೆ ಕೇಳುವವರ ಹಾಗೆ. ಎರಡು ವರ್ಷದ ಹಿಂದೆ ಹಿತ್ತಿಲಲ್ಲಿ ಬೂದಿ ಕೈ ಹಿಡಿದು ನನ್ನ ಮುಖ ನೋಡಿದ್ದೆಯಲ್ಲ, ಹಾಗೇ. ಆಮೇಲೆ ಅವಳಿಗೆ ಮೆಲ್ಲಗೆ, "ನಾ ಕುಂದ್ರಲಿಲ್ಲವ್ವ," ಎಂದೆ. ಅಲ್ಲಿದ್ದ ಕೂಲಿ ಹೆಣ್ಣುಮಕ್ಕಳಿಗೆಲ್ಲ ಒಂದೇ ಕ್ಷಣದಲ್ಲಿ ತಿಳಿಯಿತು ಎಂದು ನನಗೆ ಕಂಡಿತು. ನಾನು ಮುಂದೆ ಬಂದು ಪ್ರಶ್ನೆಗಳನ್ನು ಆಮೇಲೆ ಕೇಳಬಹುದು ಎಂದು ಹೇಳಿ ಚಹಾ ಕೊಡಿಸಿದೆ.

ಚಹಾ ಕೊಡಿಸಿದೆ, ಅಮರಮ್ಮ. ಎರಡನೇ ಸಲ ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅದು.

ವಾಪಸು ಬರುವಾಗ ಜೀಪಿನಲ್ಲಿ ನೀನು ನನ್ನ ಪಕ್ಕ ಕೂತಿದ್ದೆ. ಮಗಳು ನಿನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅವಳ ಕಾಲು ನನ್ನ ಕೈಗೆ ತಾಗುತ್ತಿತ್ತು. ಎರಡು ವರ್ಷಕ್ಕೆ ಈಗಷ್ಟೇ ಗೋಡೆ ಹಿಡಿಯದೆ ನಡೆಯುತ್ತಾಳೆ. ಮಸ್ಕಿಯ ಬಸ್ ನಿಲ್ದಾಣದಲ್ಲಿ ಇಳಿದವಳು ನೀನು, ಎರಡು ಹೆಜ್ಜೆ ಹೋಗಿ ತಿರುಗಿ ಬಂದು, ಕಿಟಕಿಗೆ ಮುಖ ತಂದೆ. ನನ್ನ ಮೇಲೆ ದೂರು ಹೇಳಲು ಅಲ್ಲ. ಆ ಹುಡುಗಿಗಾಗಿ.

"ಅಕ್ಕಾರ, ಆಕಿ ಹಚ್ಚಿ ಬರೇ ಕೈಯಾಗ ಹಿಡ್ಕೊಂಡು ಕುಂತ್ರ ನಡಿಯಂಗಿಲ್ಲೇನ್ರಿ?"

ನೋಡೋಣ ಎಂದೆ. ಜೀಪು ಹೊರಟಿತು.

ನಿನಗೆ ಎಲ್ಲ ಗೊತ್ತಿದೆ ಎಂದು ಆಗ ನನಗೆ ಅನ್ನಿಸಿತು. ಅಥವಾ ಗೊತ್ತಾಗುವುದರ ಅಂಚಿಗೆ ಬಂದು, ನನ್ನ ಮೇಲಿನ ಪ್ರೀತಿಯಿಂದ ಅಲ್ಲೇ ನಿಂತುಬಿಟ್ಟಿದ್ದೀಯೇನೋ. ಯಾವುದಿದ್ದರೂ ನನಗೆ ಅದರಿಂದ ಬಿಡುಗಡೆ ಇಲ್ಲ.

ಈಗ ಮೂರೂ ತಾಲ್ಲೂಕಿಗೆ ಸೇವೆಯನ್ನು ವಹಿಸಿಕೊಡುವ ಕಾಗದ ನನ್ನ ಮೇಜಿನ ಮೇಲಿದೆ. ಏನೇನು ಮಾಡಬೇಕು, ಯಾರನ್ನು 'ಬಿಟ್ಟವರು' ಎಂದು ಲೆಕ್ಕ ಹಿಡಿಯಬೇಕು ಎಂದು ಬರೆಯುವವಳು ನಾನೇ. ನನ್ನ ಹಳೆಯ ವರದಿಯೇ ಅದಕ್ಕೆ ಆಧಾರ. ಅದು ಹಾಗೇ ಹೋದರೆ, ಆ ಹತ್ತಿ ಬಿಡಿಸುವ ಹುಡುಗಿಯ ಕೈಯಿಂದಲೂ ಯಾರೋ ಒಬ್ಬಳು ನನ್ನಂಥವಳು ಕಡ್ಡಿಪೆಟ್ಟಿಗೆ ಇಸಿದುಕೊಳ್ಳುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ.

ಇವತ್ತು ಬೆಳಗ್ಗೆ ಮೇಲಿನವರಿಗೆ ಬರೆದು ಕೊಟ್ಟಿದ್ದೇನೆ. ವರದಿಯಲ್ಲಿನ ನಿನ್ನ ಕತೆ ಸುಳ್ಳು ಎಂದು, ಹೇಗೆ ಸುಳ್ಳು ಎಂದು, ಹನ್ನೊಂದು ದಿನದ ಲೆಕ್ಕ ಸಮೇತ. ಕೂಲಿ ಮಾಡುವ ಬಸುರಿಗೆ ಮೊದಲು ಕೂರುವ ಹೊತ್ತು ನಿಗದಿಯಾಗಬೇಕು, ತಂಡದವರನ್ನೆಲ್ಲ ಕೂರಿಸಿ ಮಾತಾಡಿ ಅದನ್ನು ಒಪ್ಪಿಸಬೇಕು, ಅದಾದ ಮೇಲೆಯೇ ಬೀಡಿಯ ಮಾತು — ಇದನ್ನು ಮೊದಲನೇ ಷರತ್ತಾಗಿ ಬರೆದಿದ್ದೇನೆ. 'ನೆಪಗಳು' ಎಂಬ ಕಲಮನ್ನು ತೆಗೆದಿದ್ದೇನೆ. ಅವರು ಏನು ಮಾಡುತ್ತಾರೋ, ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಇದರಿಂದ ನಿನ್ನ ಮಗಳ ಎರಡು ತಿಂಗಳು ಅವಳಿಗೆ ವಾಪಸು ಬರುವುದಿಲ್ಲ. ನೀನು ಊರೂರಲ್ಲಿ ಒಪ್ಪಿಕೊಂಡ ತಪ್ಪು ಆ ಊರುಗಳಿಂದ ಅಳಿಸಿಹೋಗುವುದಿಲ್ಲ.

ನನ್ನ ಫೋನಿನಲ್ಲಿ ಆ ಕೊನೆಯ ಫೋಟೋ ಇದೆ. ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ. ಬಗ್ಗಿದ ಬೆನ್ನುಗಳ ಸಾಲು. ಎಣಿಸಿದರೆ ಹದಿಮೂರು. ಹದಿನಾಲ್ಕನೆಯದು ನೀರಿನ ಮಟ್ಟದಲ್ಲಿದೆ, ಕೆಂಪಗೆ. ನೀನು ಬಿದ್ದದ್ದನ್ನು ಎಲ್ಲರಿಗಿಂತ ಮೊದಲು ಕಂಡದ್ದು ನನ್ನ ಫೋನು. ಅದನ್ನು ಹಿಡಿದಿದ್ದ ನಾನು ಕಾಣಲಿಲ್ಲ. ಅದನ್ನೂ ತರುತ್ತೇನೆ. ಕಡ್ಡಿಪೆಟ್ಟಿಗೆಯನ್ನೂ.

ನಿನಗೆ ಓದಲು ಬರುವುದಿಲ್ಲ. ಈ ಕಾಗದವನ್ನು ಬೇರೆ ಯಾರ ಕೈಯಲ್ಲೂ ಓದಿಸುವುದಿಲ್ಲ, ನಾನೇ ಓದುತ್ತೇನೆ. ಭಾನುವಾರ ಪಾಮನಕಲ್ಲೂರಿಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ಹನುಮವ್ವ ಇರಲಿ — ಅವಳು ಇರಲೇಬೇಕು. ನಿಮ್ಮ ತಂಡದವರಲ್ಲಿ ಬರುವವರೆಲ್ಲ ಬರಲಿ. ಕೇಳಿದ ಮೇಲೆ ನನಗೆ ಏನು ಹೇಳಬೇಕೋ, ಮಗಳ ಹೆಸರನ್ನು ಏನು ಮಾಡಬೇಕೋ, ಅದು ನಿನಗೆ ಬಿಟ್ಟದ್ದು.

ನಿಮ್ಮ ಅಂಗಳದಲ್ಲಿ ನಾನು ನಿಂತು ಓದುತ್ತೇನೆ, ಅಮರಮ್ಮ. ನೀನು ಕೂತು ಕೇಳು.